ಎಡಹುಬ್ಬಿನ ಮೇಲಿನ ಗುರುತು

ಇಬ್ಬರು ಸಿಪಾಯಿಗಳು ಸ್ಟುಡಿಯೋದ ಮೆಟ್ಟಿಲು ಹತ್ತಿ ಬಂದಾಗ ಅಜ್ಜ ಅವರನ್ನು ಗಿರಾಕಿಗಳೆಂದೇ ತಿಳಿದ. ಅದರಲ್ಲಿ ಅವನ ತಪ್ಪೇನೂ ಇಲ್ಲ. ನಲವತ್ತಾರು ವರ್ಷಗಳಿಂದ ಆ ಮೆಟ್ಟಿಲು ಹತ್ತಿದವರೆಲ್ಲ ಫೋಟೋ ತೆಗೆಸಿಕೊಳ್ಳುವುದಕ್ಕೇ ಬಂದವರು.

"ಬನ್ನಿ, ಬನ್ನಿ. ಒಬ್ಬೊಬ್ಬರದೋ, ಜೋಡಿಯೋ?" ಎಂದು ಕೇಳಿದ.

ಇಬ್ಬರಲ್ಲಿ ವಯಸ್ಸಾದವನು ಹವಾಲ್ದಾರ. ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಅಜ್ಜ ಅವನ ಭುಜ ಹಿಡಿದು ಸ್ಟೂಲಿನ ಮೇಲೆ ಕೂರಿಸಿ, ಎರಡೂ ದೀಪ ಹಾಕಿ, ಗದ್ದದ ಕೆಳಗೆ ಬೆರಳಿಟ್ಟು ಮುಖವನ್ನು ಕಿಟಕಿಯ ಕಡೆಗೆ ತಿರುಗಿಸಿಬಿಟ್ಟಿದ್ದ.

"ಮುಖ ಸ್ವಲ್ಪ ಸಡಿಲ ಬಿಡಿ. ಸಾವಿನ ಮನೆಗೆ ಬಂದವರ ಹಾಗೆ ಕೂತರೆ ನಾನೇನು ಮಾಡ್ಲಿ?"

ಹವಾಲ್ದಾರ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ. "ಯಜಮಾನರೇ, ದೀಪ ಆರಿಸಿ. ನೀವು ಬಂದು ಇಲ್ಲಿ ಕೂತ್ಕೊಳ್ಳಿ," ಎಂದ.

ಅಜ್ಜ ಕೂರಲಿಲ್ಲ. ದೀಪವನ್ನೂ ಆರಿಸಲಿಲ್ಲ. ಬಾಗಿಲ ಬಳಿ ನಿಂತಿದ್ದ ಚಿಕ್ಕ ಸಿಪಾಯಿಯ ಕಡೆ ನೋಡಿದ. ಅವನು ಎದುರು ಗೋಡೆಯ ಮೇಲಿದ್ದ ಒಬ್ಬ ಹುಡುಗನ ಪಟವನ್ನೇ ನೋಡುತ್ತಿದ್ದ. ಅದು ಅಜ್ಜನ ಮೊಮ್ಮಗನ ಪಟ, ಏಳನೆಯ ವರ್ಷದ್ದು; ಈಗ ಅವನು ಸೈನ್ಯದಲ್ಲಿದ್ದ. ಆಗ ಅಜ್ಜನಿಗೆ ಎಲ್ಲವೂ ತಿಳಿಯಿತು. ಆದರೂ ಹವಾಲ್ದಾರ ಹೇಳಿ ಮುಗಿಸುವವರೆಗೆ ತಾಳಿಕೊಂಡು ನಿಂತ.

ಮೊಮ್ಮಗ ಹಿಂದಿನ ದಿನ ಬೆಳಿಗ್ಗೆ ತೀರಿಕೊಂಡಿದ್ದ. ಯುದ್ಧವಲ್ಲ, ಗುಂಡಲ್ಲ, ಅಪಘಾತವೂ ಅಲ್ಲ. ಅವನ ಕೆಲಸ ನೀರಿನ ಗಾಡಿ ಓಡಿಸುವುದು. ಕಣಿವೆಯಿಂದ ಬೆಟ್ಟದ ಮೇಲಿನ ಐದು ಕಾವಲು ಠಾಣೆಗಳಿಗೆ ದಿನಕ್ಕೆ ಎರಡು ಸಲ ನೀರು ಮುಟ್ಟಿಸುತ್ತಿದ್ದ. ಆ ದಿನ ಮೊದಲನೆಯ ಸುತ್ತು ಮುಗಿಸಿ ಬಂದು, ಬೂಟಿನ ಲಾಡಿ ಬಿಚ್ಚಿಕೊಂಡಿದೆಯೆಂದು ಗಾಡಿಯ ಮೆಟ್ಟಿಲ ಮೇಲೆ ಕೂತ. ಲಾಡಿ ಕಟ್ಟಲು ಬಗ್ಗಿದವನು ಮತ್ತೆ ತಲೆ ಎತ್ತಲಿಲ್ಲ. ಹೃದಯ ನಿಂತಿತ್ತು. ವೈದ್ಯರಿಗೂ ಅದಕ್ಕಿಂತ ಹೆಚ್ಚು ಹೇಳಲು ಬರಲಿಲ್ಲ. ವಯಸ್ಸು ಇಪ್ಪತ್ತಮೂರು.

"ಲಾಡಿ ಕಟ್ಟಿದ್ದನಾ?" ಎಂದು ಅಜ್ಜ ಕೇಳಿದ.

ಹವಾಲ್ದಾರನಿಗೆ ಪ್ರಶ್ನೆ ಅರ್ಥವಾಗಲಿಲ್ಲ. ಚಿಕ್ಕ ಸಿಪಾಯಿ ಉತ್ತರ ಕೊಟ್ಟ. "ಒಂದು ಕಟ್ಟಿದ್ದ, ಅಜ್ಜ. ಇನ್ನೊಂದನ್ನ ಆಮೇಲೆ ನಾನು ಕಟ್ಟಿದೆ."

ಪ್ರತಿದಿನ ಅಂಗಡಿಯ ಷಟರು ಎತ್ತುವಾಗ ಅಜ್ಜ ಒಂದು ಪ್ರಾರ್ಥನೆ ಮಾಡುತ್ತಿದ್ದ. ಅದಕ್ಕೆ ಉದ್ದವೂ ಇಲ್ಲ, ರಾಗವೂ ಇಲ್ಲ. 'ದೇವರೇ, ಇವತ್ತು ಬರುವವರ ಮುಖ ಚೆನ್ನಾಗಿ ಬರಲಿ. ದೂರ ಇರುವವನನ್ನು ನೀನು ನೋಡಿಕೋ.' ಎರಡನೆಯ ಮಾತು ಮೊಮ್ಮಗ ಸೈನ್ಯ ಸೇರಿದ ಮೇಲೆ ಸೇರಿಕೊಂಡದ್ದು. ಆ ಬೆಳಿಗ್ಗೆಯೂ ಅದನ್ನು ಹೇಳಿದ್ದ. ಹೇಳುವ ಹೊತ್ತಿಗೆ ಹುಡುಗ ಹೋಗಿ ಒಂದು ದಿನವಾಗಿತ್ತು. ಕೇಳುತ್ತಿದ್ದ ದೇವರು, 'ಮುದುಕಾ, ಇನ್ನು ಇದನ್ನು ಹೇಳಬೇಡ' ಎಂದು ಒಂದು ಸೂಚನೆಯನ್ನೂ ಕೊಡಲಿಲ್ಲವಲ್ಲ ಎಂಬುದು ಅಜ್ಜನ ಎದೆಯಲ್ಲಿ ಮುಳ್ಳಾಗಿ ಕೂತಿತು. ಮರುದಿನದಿಂದ ಅವನು ಪ್ರಾರ್ಥನೆ ಬಿಟ್ಟ. ದೇವರನ್ನು ಬಿಟ್ಟನೆಂದಲ್ಲ, ಎದುರುಮನೆಯವನೊಡನೆ ಮಾತು ಬಿಟ್ಟ ಹಾಗೆ, ಅವನು ಅಲ್ಲೇ ಇದ್ದಾನೆಂದು ತಿಳಿದೇ ಮಾತು ಬಿಟ್ಟ.

ಮೂರನೆಯ ದಿನ ದೇಹ ಬಂತು. ಮಣ್ಣಿಗೆ ಕೊಟ್ಟದ್ದೂ ಆಯಿತು. ಅಲ್ಲಿಂದ ಜನರ ಬಾಯಿ ಶುರುವಾಯಿತು.

ಅಜ್ಜನ ಮಗಳು, ಎಂದರೆ ಹುಡುಗನ ತಾಯಿ, ದೊಡ್ಡಾಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಇಸ್ತ್ರಿ ಮಾಡುವವಳು. ಗಂಡ ಬಿಟ್ಟು ಹೋದಾಗ ಮಗು ಇನ್ನೂ ತೊಟ್ಟಿಲಲ್ಲಿತ್ತು. ಅಂದಿನಿಂದ ಅಪ್ಪನ ಜೊತೆ ಸ್ಟುಡಿಯೋದ ಹಿಂದಿನ ಎರಡು ಕೋಣೆಯಲ್ಲಿ ಇದ್ದು ಮಗನನ್ನು ಬೆಳೆಸಿದಳು. ಕೆಲಸಕ್ಕೆ ಮರಳಿದ ದಿನ ಜೊತೆಯವರು ಸುತ್ತ ನೆರೆದರು. "ಯುದ್ಧದಲ್ಲೇನೇ?" ಎಂದು ಒಬ್ಬಳು ಕೇಳಿದಳು. ಇವಳು ಇದ್ದದ್ದು ಹೇಳಿದಳು. "ಅಯ್ಯೋ, ಕೂತಲ್ಲೇನಾ?" ಎಂದು ಆಕೆ ಹಿಡಿದಿದ್ದ ಕೈ ಬಿಟ್ಟಳು. ಆ ಮಾತಿನಲ್ಲಿ ಕನಿಕರವೇ ಇತ್ತು. ಆದರೆ ಕನಿಕರದ ಅಡಿಯಲ್ಲಿ ಸ್ವಲ್ಪ ನಿರಾಸೆಯೂ ಇತ್ತು. ಬೆಳಿಗ್ಗೆಯಿಂದ ಸಂಜೆಯವರೆಗೆ ಇಸ್ತ್ರಿ ಹಾಕಿದ ಹಾಸುಗಳ ಒಂದು ಮಡಿಕೆಯಲ್ಲೂ ಆ ಮಾತು ಅಡಗಲಿಲ್ಲ.

ಎರಡನೆಯ ವಾರ ಬೀದಿಯ ಸಂಘದ ಅಧ್ಯಕ್ಷ ಸ್ಟುಡಿಯೋಕ್ಕೆ ಬಂದ. ಅವನಿಗೆ ಸಿಮೆಂಟಿನ ವ್ಯಾಪಾರ. ಊರಿನಲ್ಲಿ ಎಲ್ಲಿ ಸಭೆಯಾದರೂ ಕೊನೆಗೆ ಮೈಕು ಅವನ ಕೈಯಲ್ಲೇ ಇರುತ್ತಿದ್ದುದರಿಂದ ದೊಡ್ಡವರು ಚಿಕ್ಕವರೆಲ್ಲ ಅವನನ್ನು ಮೈಕ್ ಮಾವ ಎಂದೇ ಕರೆಯುವುದು. ಅವನಿಗೂ ಅದು ಗೊತ್ತು. ಬಿರುದು ಎಂದುಕೊಂಡಿದ್ದ.

"ಅಜ್ಜ, ಭಾನುವಾರ ಸಂಘದ ಹಾಲಿನಲ್ಲಿ ಸಭೆ. ನಮ್ಮ ಬೀದಿಯ ವೀರನ ದೊಡ್ಡ ಪಟ ಗೋಡೆಗೆ ಏರಬೇಕು. ಆಳೆತ್ತರದ್ದು. ಪಟ ನಿಮ್ಮ ಕೈಯಿಂದಲೇ ಆಗಬೇಕು ಅಂತ ನಾನು ಪಟ್ಟು ಹಿಡಿದಿದ್ದೀನಿ."

"ಸಂತೋಷ," ಎಂದ ಅಜ್ಜ.

ಮೈಕ್ ಮಾವ ಕಂಕುಳಿಂದ ಒಂದು ಸುರುಳಿ ತೆಗೆದು ಮೇಜಿನ ಮೇಲೆ ಬಿಡಿಸಿದ. ಹಳೆಯ ಕ್ಯಾಲೆಂಡರಿನ ಚಿತ್ರ. ಎದೆತುಂಬ ಪದಕ, ಕೈಯಲ್ಲಿ ಕೋವಿ, ಹಿಂದೆ ಉರಿಯುವ ಬೆಟ್ಟ. "ದೇಹ ಇಲ್ಲಿದೆ. ಹುಡುಗನ ತಲೆ ನಿಮ್ಮ ಹತ್ತಿರ ಇದೆ. ಕೂರಿಸಿಬಿಡಿ. ಮೀಸೆ ಸ್ವಲ್ಪ ಗಡುಸು ಮಾಡಿ. ಒಂದು ಗಾಯವೂ ಇರಲಿ. ಕೆಳಗೆ, 'ಶತ್ರುವಿನ ಗುಂಡಿಗೆ ಎದೆಯೊಡ್ಡಿದವನು' ಅಂತ ಬರೆದರೆ ಸಾಕು."

"ಅವನು ಗುಂಡಿಗೆ ಎದೆಯೊಡ್ಡಲಿಲ್ಲವಲ್ಲಪ್ಪ. ಲಾಡಿ ಕಟ್ಟೋದಕ್ಕೆ ಬಗ್ಗಿದ್ದ."

"ಗುಂಡು ಬಂದಿದ್ದರೆ ಒಡ್ಡುತ್ತಿರಲಿಲ್ಲವೇ?"

"ಒಡ್ಡುತ್ತಿದ್ದನೇನೋ. ಓಡಿ ಬರಲಿ ಅಂತ ನಾನು ಬೇಡಿಕೊಳ್ಳುತ್ತಿದ್ದೆ."

ಮೈಕ್ ಮಾವ ನಕ್ಕು, ಗೋಡೆಯ ಸುತ್ತ ಒಮ್ಮೆ ಕಣ್ಣು ಹಾಯಿಸಿದ. "ಅಜ್ಜ, ಬೇಜಾರು ಮಾಡಿಕೋಬೇಡಿ. ನಮ್ಮಪ್ಪ ಬದುಕಿದ್ದಷ್ಟು ದಿನ ಕೋಟು ಅಂದರೆ ಏನು ಅಂತ ಕಂಡವನಲ್ಲ. ನಮ್ಮ ಮನೆ ಗೋಡೆ ಮೇಲೆ ಕೋಟು ಹಾಕ್ಕೊಂಡು ಕೂತಿದ್ದಾನೆ. ಹಾಕಿಸಿದ್ದು ಯಾರು?"

ಅದು ನಿಜ. ಊರಿನ ಅರ್ಧ ಮನೆಗಳ ಗೋಡೆಯ ಮೇಲೆ ಸತ್ತ ಹಿರಿಯರು ತೊಟ್ಟಿರುವುದು ಒಂದೇ ಕೋಟು; ಎಡತೋಳಿನ ಗುಂಡಿ ಬಿದ್ದುಹೋಗಿರುವ ಆ ಕೋಟು ಈಗಲೂ ಸ್ಟುಡಿಯೋದ ಮೊಳೆಗೆ ನೇತಾಡುತ್ತಿದೆ. ನಲವತ್ತಾರು ವರ್ಷ ಅಜ್ಜ ಸಿಡುಬಿನ ಕಲೆ ಅಳಿಸಿದ, ಬೋಳುತಲೆಗೆ ಕೂದಲು ಕೊಟ್ಟ, ಮೆಳ್ಳೆಗಣ್ಣನ್ನು ನೇರ ಮಾಡಿದ. ಜಗಳ ಆಡಿಕೊಂಡೇ ಸತ್ತ ಗಂಡಹೆಂಡಿರನ್ನು ಒಂದೇ ಬೆಂಚಿನ ಮೇಲೆ ಪಕ್ಕಪಕ್ಕ ಕೂರಿಸಿದ. ಅದನ್ನು ಅವನು ಸುಳ್ಳೆಂದುಕೊಂಡಿರಲಿಲ್ಲ. ಮರ್ಯಾದೆ ಎಂದುಕೊಂಡಿದ್ದ.

"ಯೋಚನೆ ಮಾಡ್ತೀನಿ," ಎಂದಷ್ಟೇ ಹೇಳಿದ.

ಆ ಸಂಜೆ ಮಗಳು ಕೆಲಸದಿಂದ ಬಂದು ಕ್ಯಾಲೆಂಡರನ್ನು ಬಹಳ ಹೊತ್ತು ನೋಡಿದಳು.

"ಹಾಕಿಬಿಡಪ್ಪ," ಎಂದಳು.

"ನೀನೂ ಹೀಗೆ ಹೇಳ್ತೀಯಾ?"

"ಊರವರಿಗೆಲ್ಲ ಕೋಟು ತೊಡಿಸಿದೆ. ನನ್ನ ಮಗನಿಗೆ ಒಂದು ಕೋವಿ ಕೊಟ್ಟರೆ ನಿನ್ನ ಗಂಟೇನು ಹೋಗುತ್ತೆ? ದಿನಾ ಆ ಬಿಸಿ ಮೆಷಿನ್ನಿನ ಮುಂದೆ ನಿಂತು 'ಕೂತಲ್ಲೇನಾ, ಕೂತಲ್ಲೇನಾ' ಅಂತ ಕೇಳಿಸಿಕೊಳ್ಳೋಳು ನಾನು. ಗೋಡೆ ಮೇಲಾದರೂ ಅವನು ನಿಂತಿರಲಿ."

ದೇವರೊಡನೆ ಮಾತು ಬಿಡಬಹುದು. ಮಗಳೊಡನೆ ಬಿಡುವುದು ಹೇಗೆ? ಮಾಡಿಕೊಡುವುದೆಂದು ಅಜ್ಜ ಮನಸ್ಸಿನಲ್ಲೇ ಒಪ್ಪಿಕೊಂಡ.

ಮರುದಿನ ಮಧ್ಯಾಹ್ನ ಬೀದಿ ತಣ್ಣಗಾದ ಮೇಲೆ ನೆಗೆಟಿವ್‌ಗಳ ಪೆಟ್ಟಿಗೆ ತೆಗೆದ. ಮೊಮ್ಮಗ ದೊಡ್ಡವನಾದ ಮೇಲೆ ಸ್ಟೂಲಿನ ಮೇಲೆ ನೆಟ್ಟಗೆ ಕೂತು ತೆಗೆಸಿಕೊಂಡದ್ದು ಒಂದೇ ಒಂದು. ಸೈನ್ಯದ ಭರ್ತಿಗೆ ಅರ್ಜಿ ಹಾಕಿದಾಗಿನದು. ಆ ನೆಗೆಟಿವನ್ನು ಕಿಟಕಿಯ ಪಕ್ಕದ ತಿದ್ದುವ ಮೇಜಿನ ಮೇಲಿಟ್ಟ. ಇಳಿಜಾರಾದ ಆ ಮೇಜಿನ ನಡುವೆ ಒಂದು ಹಾಲುಗಾಜು, ಕೆಳಗೆ ಒಂದು ಕನ್ನಡಿ. ಕಿಟಕಿಯ ಬೆಳಕು ಕನ್ನಡಿಗೆ ಬಿದ್ದು ಗಾಜಿನ ಮೂಲಕ ಮೇಲೆ ಬರುತ್ತದೆ. ನೆಗೆಟಿವಿನಲ್ಲಿ ಕಪ್ಪು ಬಿಳಿದಾಗಿ, ಬಿಳಿ ಕಪ್ಪಾಗಿ ಕಾಣುತ್ತದೆ. ಮುಖದಲ್ಲಿ ನೆರಳು ಬಿದ್ದ ಗೆರೆಗಳು ಅಲ್ಲಿ ತಿಳಿಯಾಗಿ ಹೊಳೆಯುತ್ತವೆ. ಆ ತಿಳಿಯನ್ನು ಸೂಜಿಯ ಹಾಗೆ ಚೂಪು ಮಾಡಿದ ಪೆನ್ಸಿಲಿನಿಂದ ಚುಕ್ಕಿ ಚುಕ್ಕಿಯಾಗಿ ತುಂಬಿದರೆ, ಅಚ್ಚು ಹಾಕಿದಾಗ ಗೆರೆ ಮಾಯ. ಅಜ್ಜನ ವಿದ್ಯೆಯೆಲ್ಲ ಇಷ್ಟೇ.

ಭೂತಗನ್ನಡಿ ಹಿಡಿದು ಬಗ್ಗಿದ. ಎಡಹುಬ್ಬಿನ ಮೇಲೆ ತನ್ನದೇ ಪೆನ್ಸಿಲಿನ ಚುಕ್ಕಿಗಳು ಕಂಡವು. ಅರ್ಧ ಬೆರಳುದ್ದ. ಎಷ್ಟು ನಯವಾಗಿ ತುಂಬಿದ್ದನೆಂದರೆ ಬೇರೆ ಯಾರಿಗೂ ಕಾಣುವಂತಿರಲಿಲ್ಲ.

ಅಲ್ಲಿ ಒಂದು ಗಾಯದ ಗುರುತಿತ್ತು. ಹುಡುಗನಿಗೆ ಆರು ವರ್ಷವಿದ್ದಾಗ, ಒಳಗೆ ಬರಬೇಡವೆಂದು ನೂರು ಸಲ ಹೇಳಿದ್ದ, ಪಟ ತೊಳೆಯುವ ಕತ್ತಲೆಕೋಣೆಗೆ ಬಾಗಿಲು ತಳ್ಳಿ ನುಗ್ಗಿದ್ದ. ಬೆಳಕು ಬಿದ್ದು ಒಂದು ಮದುವೆಯ ಅರ್ಧ ಪಟಗಳು ಕರಿಯಾದವು. ಅಜ್ಜ ಗದರಿದ ರಭಸಕ್ಕೆ ಹುಡುಗ ತಿರುಗಿ ಓಡುವಾಗ ಕಬ್ಬಿಣದ ಮೇಜಿನ ಮೂಲೆ ಹುಬ್ಬಿನ ಮೇಲೆ ಬಡಿಯಿತು. ನಾಲ್ಕು ಹೊಲಿಗೆ. ಅಂದಿನಿಂದ ಅಜ್ಜ ಅವನನ್ನು ಬೆಳಕಪ್ಪ ಎಂದು ಕರೆಯುತ್ತಿದ್ದ. "ಬಂದರಪ್ಪಾ ಬೆಳಕಪ್ಪನವರು, ಪೆಟ್ಟಿಗೆ ಮುಚ್ಚಿಡಿ," ಎನ್ನುತ್ತಿದ್ದ. ಮದುವೆಯವರಿಗೆ ಏನು ಹೇಳುವುದೆಂದು ಅಜ್ಜ ತಲೆ ಮೇಲೆ ಕೈಹೊತ್ತು ಕೂತಾಗ, ತಲೆಗೆ ಪಟ್ಟಿ ಕಟ್ಟಿಕೊಂಡ ಹುಡುಗ ಪಕ್ಕದಲ್ಲಿ ಬಂದು ಕೂತು, "ಇನ್ನೊಂದು ಸಲ ಮದುವೆ ಆಗೋದಕ್ಕೆ ಹೇಳಜ್ಜ," ಎಂದಿದ್ದ.

ಹನ್ನೆರಡು ವರ್ಷದ ಮೇಲೆ, ಭರ್ತಿಯ ಅರ್ಜಿಗೆ ಪಟ ತೆಗೆದಾಗ, ಅಜ್ಜನ ಕೈ ಅಭ್ಯಾಸದಂತೆ ಆ ಗುರುತನ್ನು ತುಂಬಿಬಿಟ್ಟಿತು. ಮುಖ ನಯವಾಯಿತೆಂದು ಖುಷಿಯನ್ನೂ ಪಟ್ಟಿತು. ಅರ್ಜಿಯಲ್ಲಿ ಹುಡುಗ ಬರೆದುಕೊಂಡಿದ್ದ ಗುರುತಿನ ಚಿಹ್ನೆ ಅದೊಂದೇ: ಎಡಹುಬ್ಬಿನ ಮೇಲೆ ಹಳೆಯ ಗಾಯ. ಭರ್ತಿಯ ಗುಮಾಸ್ತ ಪಟ ನೋಡಿದ, ಮುಖ ನೋಡಿದ, ಅರ್ಜಿ ನೋಡಿದ. "ಇದು ಯಾರ ಫೋಟೋ? ನಿನ್ನ ಅಣ್ಣನದಾ?" ಎಂದು ಸಾಲಿನಿಂದ ಹೊರಗೆ ಕಳಿಸಿದ. ಹುಡುಗ ಬಸ್ಸು ನಿಲ್ದಾಣದ ಪಕ್ಕದ ಹರಕು ಪರದೆಯ ಅಂಗಡಿಯಲ್ಲಿ ಇನ್ನೊಂದು ಪಟ ತೆಗೆಸಿ ಓಡಿಹೋಗಿ ಕೊನೆಯವನಾಗಿ ಸೇರಿಕೊಂಡ.

ಮನೆಗೆ ಬಂದವನು ನಕ್ಕುಕೊಂಡೇ ಜಗಳ ತೆಗೆದಿದ್ದ. "ಅಜ್ಜ, ನನ್ನನ್ನ ಬೇರೆ ಯಾರನ್ನೋ ಮಾಡಿಬಿಟ್ಟಿದ್ದೆಯಲ್ಲ. ಮೂಗು ಕಿವಿ ಎಲ್ಲ ಹುಟ್ಟುವಾಗ ಕೊಟ್ಟದ್ದು. ನಾನೇ ಸಂಪಾದಿಸಿದ್ದು ಇದೊಂದು. ಅದನ್ನೇ ಅಳಿಸಿದೆ."

ಸೈನ್ಯಕ್ಕೆ ಹೋಗಬಾರದೆಂದು ಅಪ್ಪ ಬೇಕೆಂದೇ ಹಾಗೆ ಮಾಡಿದನೆಂದು ಮಗಳಿಗೆ ಬಹಳ ದಿನ ಅನುಮಾನವಿತ್ತು. ಇಲ್ಲವೆಂದು ಅಜ್ಜ ಆಣೆ ಇಟ್ಟಿದ್ದ. ಈಗ ಕಿಟಕಿಯ ಬೆಳಕಿನಲ್ಲಿ ಆ ಚುಕ್ಕಿಗಳನ್ನು ನೋಡುತ್ತ, ಬೇಕೆಂದೇ ಮಾಡಿದ್ದರೆ ಎಷ್ಟು ಚೆನ್ನಾಗಿತ್ತು, ಇನ್ನೂ ನಾಲ್ಕು ಗುರುತು ಅಳಿಸಿದ್ದರೆ ಎಷ್ಟು ಚೆನ್ನಾಗಿತ್ತು ಎಂದುಕೊಂಡ.

ಪಕ್ಕದಲ್ಲಿ ಕ್ಯಾಲೆಂಡರಿನ ದೇಹ ತಲೆಗಾಗಿ ಕಾದಿತ್ತು.

ಅಜ್ಜ ಎದ್ದು ಹೋಗಿ ಟರ್ಪೆಂಟೈನ್ ಸೀಸೆ ತಂದ. ಅರಳೆಯ ಚೂರನ್ನು ಅದರಲ್ಲಿ ಅದ್ದಿ, ಹಿಂಡಿ, ನೆಗೆಟಿವಿನ ಹುಬ್ಬಿನ ಮೇಲೆ ಮೆಲ್ಲಗೆ ತೀಡಿದ. ಒಂದು ಸಲ. ಎರಡು ಸಲ. ಅರಳೆ ಬೂದುಬಣ್ಣಕ್ಕೆ ತಿರುಗಿತು. ಗಾಜಿನ ಮೇಲೆ ಅರ್ಧ ಬೆರಳುದ್ದದ ಗೆರೆ ತಿಳಿಯಾಗಿ ಹೊಳೆಯಿತು. ಪಟ ತಿದ್ದುವ ಕೆಲಸಕ್ಕೆ ಕೂತಂದಿನಿಂದ ಅಜ್ಜ ತಾನು ತಿದ್ದಿದ್ದನ್ನು ಅಳಿಸಿದ್ದು ಇದೇ ಮೊದಲು.

ಮಗಳು ಕೆಲಸದಿಂದ ಬಂದಾಗ ಕತ್ತಲೆಕೋಣೆಯ ಬಾಗಿಲಲ್ಲಿ ನಿಂತು ಕರೆದ. "ಬಾ ಇಲ್ಲಿ. ಬಾಗಿಲು ಹಾಕಿಕೋ."

ಕೆಂಪು ದೀಪದ ಕೆಳಗೆ, ದೊಡ್ಡ ತಟ್ಟೆಯ ದ್ರಾವಣದಲ್ಲಿ, ಬಿಳಿಯ ಹಾಳೆ ಮುಳುಗಿತ್ತು. ಅಜ್ಜ ತಟ್ಟೆಯ ಒಂದು ಅಂಚನ್ನು ಎತ್ತಿ ಇಳಿಸಿ ಅಲುಗಿಸುತ್ತಿದ್ದ. ಮೊದಲು ಕೂದಲು ಬಂತು. ಆಮೇಲೆ ಕಣ್ಣು. ಆಮೇಲೆ ತುಟಿಯ ಕೊನೆ. ನಗು ತಡೆದುಕೊಂಡಿರುವವನ ತುಟಿ. ಕೊನೆಗೆ ಎಡಹುಬ್ಬಿನ ಮೇಲೆ ಆ ಗೆರೆ ಕಪ್ಪಗೆ ಮೂಡಿತು.

ಮಗಳು ತಟ್ಟೆಯ ಅಂಚು ಹಿಡಿದುಕೊಂಡಳು. ಸುದ್ದಿ ಬಂದ ದಿನದಿಂದ ಅವಳು ಅತ್ತಿರಲಿಲ್ಲ. ಆಗ ಅತ್ತಳು. ಅಜ್ಜ ಸುಮ್ಮನೆ ತಟ್ಟೆ ಅಲುಗಿಸುತ್ತ ನಿಂತ. ನಿಲ್ಲಿಸಿದರೆ ಅಚ್ಚು ಕಲೆಯಾಗುತ್ತದೆ.

"ನಾಲ್ಕು ಹೊಲಿಗೆ," ಎಂದಳು ಕಡೆಗೆ. "ಹಾಕುವಾಗ ನನ್ನ ಕೈ ಕಚ್ಚಿದ್ದ."

"ಇದಕ್ಕೆ ಕೋವಿ ಕೊಡಲೇನಮ್ಮ? ನೀನು ಹೇಳು. ನೀನು ಹೇಳಿದ ಹಾಗೆ."

ಅವಳು ಮೂಗೊರೆಸಿಕೊಂಡಳು. "ಅವನ ಕೈಲಿ ಕೋವಿ ಕೊಟ್ಟರೆ ಎಲ್ಲಾದರೂ ಇಟ್ಟು ಮರೆತು ಬರ್ತಾನೆ. ಛತ್ರಿಯನ್ನೇ ಎಷ್ಟು ಕಳೆದ."

ಭಾನುವಾರ ಹಾಲು ತುಂಬಿತ್ತು. ಅಪ್ಪ ಮಗಳಿಬ್ಬರೂ ಪಟವನ್ನು ಹಾಸಿನಲ್ಲಿ ಸುತ್ತಿ ಎರಡು ಕಡೆ ಹಿಡಿದು ತಂದರು. ಆಳೆತ್ತರದ್ದಲ್ಲ, ಒಂದು ಕಿಟಕಿಯಷ್ಟಿತ್ತು. ಮೈಕ್ ಮಾವ ಬಟ್ಟೆಯ ಮೂಲೆ ಎತ್ತಿ ನೋಡಿ, ಧ್ವನಿ ತಗ್ಗಿಸಿ, "ಅಜ್ಜ, ಇದೇನಿದು? ಕೋವಿ ಎಲ್ಲಿ? ಹಣೆ ಮೇಲೆ ಗಾಯ ಬೇರೆ," ಎಂದ.

"ಗಾಯ ಬೇಕು ಅಂದಿದ್ದೆಯಲ್ಲಪ್ಪ. ಇದು ನಿಜವಾದದ್ದು."

"ನಾನಂದದ್ದು ಯುದ್ಧದ ಗಾಯ."

"ಇದೂ ಯುದ್ಧದ್ದೇ. ನನಗೂ ಅವನಿಗೂ ಆದದ್ದು. ಅವನೇ ಗೆದ್ದ."

"ಜನ ಏನಂದಾರು?"

"ಅಂದದ್ದನ್ನು ನಾನು ಕೇಳಿಸಿಕೊಳ್ತೀನಿ. ನಿನ್ನ ಗೋಡೆಗೆ ಬೇಡವಾದರೆ ಹೇಳು, ಹೊತ್ತುಕೊಂಡು ಹೋಗ್ತೀವಿ. ಗೋಡೆ ನಮ್ಮ ಮನೆಯಲ್ಲೂ ಇದೆ. ಅವನ ಮೇಲೆ ಒಂದು ಚುಕ್ಕಿಯನ್ನೂ ಇಡುವವನಲ್ಲ ನಾನು."

ಜನ ಕೂತಾಗಿತ್ತು. ಹಿಂದೆ ಸರಿಯುವಂತಿರಲಿಲ್ಲ. ಪಟ ಗೋಡೆಗೇರಿತು. ಹೆಸರಿನ ಕೆಳಗೆ ಅಜ್ಜ ಸ್ವಂತ ಕೈಯಿಂದ ಎರಡು ಸಾಲು ಬರೆದಿದ್ದ: 'ಐದು ಠಾಣೆಗಳಿಗೆ ನೀರು ಮುಟ್ಟಿಸುತ್ತಿದ್ದವನು. ಇಪ್ಪತ್ತಮೂರು ವರ್ಷ ಬದುಕಿದವನು.'

ಆದರೆ ಮೈಕ್ ಮಾವನ ಭಾಷಣ ಮೊದಲೇ ಸಿದ್ಧವಾಗಿತ್ತು. ಸಿದ್ಧವಾದ ಭಾಷಣವನ್ನು ನುಂಗಿಕೊಳ್ಳುವ ಗಂಟಲು ಅವನದಲ್ಲ. "ಕೋವಿ ಹಿಡಿದು ಶತ್ರುವಿನ ಎದುರು ಎದೆ ಸೆಟೆದು ನಿಂತ ನಮ್ಮ ಹುಡುಗ..." ಎಂದು ಶುರು ಮಾಡಿದ.

ಮೂರನೆಯ ಸಾಲಿನಿಂದ ಮಗಳು ಎದ್ದು ನಿಂತಳು. "ನೀರಿನ ಗಾಡಿ ಓಡಿಸ್ತಿದ್ದ," ಎಂದಳು.

ಮೈಕ್ ಮಾವ ಕೆಮ್ಮಿದ. "ಹೌದಮ್ಮ, ಕೂತ್ಕೋ. ಆ ವೀರ ಪರ್ವತಗಳ ನೆತ್ತಿಯ ಮೇಲೆ ಗುಂಡಿನ ಮಳೆಯ ನಡುವೆ..."

"ನೀರಿನ ಗಾಡಿ." ಅವಳು ಕೂರಲಿಲ್ಲ. ದನಿ ಏರಿಸಲೂ ಇಲ್ಲ. "ಬೆಳಿಗ್ಗೆ ಒಂದು ಸಲ, ಮಧ್ಯಾಹ್ನ ಒಂದು ಸಲ. ಗುಂಡಿನ ಮಳೆ ಇರಲಿಲ್ಲ. ನನ್ನ ಮಗ ಕೂತಲ್ಲೇ ಹೋದ. ಕೆಲಸ ಮುಗಿಸಿ ಕೂತಿದ್ದ. ಕೂತರೆ ತಪ್ಪೇನು?"

ಆಸ್ಪತ್ರೆಯ ಜೊತೆಗಾರ್ತಿಯರು ಹಿಂದಿನ ಸಾಲಿನಲ್ಲಿದ್ದರು. "ಕೂತಲ್ಲೇನಾ" ಎಂದವಳು ತಲೆ ತಗ್ಗಿಸಿದಳು. ಮೈಕು ಸುಮ್ಮನೆ ಗುಯ್‌ಗುಡುತ್ತಿತ್ತು.

ಚಿಕ್ಕ ಸಿಪಾಯಿ ಗೋಡೆಯ ಪಕ್ಕ ನಿಂತಿದ್ದ. ಹವಾಲ್ದಾರನಿಗೆ ಬರಲಾಗದೆ ಅವನೊಬ್ಬನನ್ನೇ ಕಳಿಸಿದ್ದರು. ಯಾರೂ ಕರೆಯದೆಯೇ ಮುಂದೆ ಬಂದ. ಮೈಕು ಹಿಡಿಯುವುದು ಹೇಗೆಂದು ಅವನಿಗೆ ತಿಳಿಯಲಿಲ್ಲ, ಕೆಳಗಿಟ್ಟೇ ಮಾತಾಡಿದ.

"ನಾನು ಮೇಲಿನ ಠಾಣೆಯಲ್ಲಿದ್ದವನು, ಐದನೆಯದು; ಕಣಿವೆಗೆ ಇಳಿದದ್ದು ಈಚೆಗೆ. ಚಳಿಗಾಲದಲ್ಲಿ ಅಲ್ಲಿಗೆ ಗಾಡಿ ಹತ್ತೋದಿಲ್ಲ. ಬೇರೆ ಡ್ರೈವರುಗಳು ನಾಲ್ಕನೆಯದರಲ್ಲೇ ನಿಲ್ಲಿಸಿ, ಬಂದು ತಗೊಂಡು ಹೋಗಿ ಅಂತಿದ್ದರು. ಇವನು ಕ್ಯಾನು ಹೊತ್ತುಕೊಂಡು ಬರ್ತಿದ್ದ. ಅರ್ಧ ದಾರಿಯಿಂದಲೇ ನಮ್ಮನ್ನ ಬೈಯೋದು ಕೇಳಿಸ್ತಿತ್ತು. ಬೈಗುಳ ಕೇಳಿಸಿದರೆ ನೀರು ಬಂತು ಅಂತ ಅರ್ಥ." ಯಾರೋ ನಕ್ಕರು. ಅವನು ಪಟದ ಕಡೆ ತಿರುಗಿದ. "ಗಾಡಿ ಶುರು ಮಾಡೋ ಮುಂಚೆ ಆ ಹುಬ್ಬಿನ ಮೇಲೆ ಬೆರಳಾಡಿಸ್ಕೊಳ್ಳೋನು. ಯಾಕೋ ಅಂದರೆ, ನಮ್ಮಜ್ಜನ ರುಜು ಕಣೋ ಇದು, ಅನ್ನೋನು. ಪಟ ಸರಿಯಾಗಿದೆ, ಅಜ್ಜ. ಇದು ಅವನೇ."

ಅಜ್ಜ ಎದ್ದು ಹೋಗಿ ಮೈಕಿನ ಗುಂಡಿ ಆರಿಸಿದ. ಸಭೆ ಅಲ್ಲಿಗೆ ಮುಗಿಯಿತು. ಜನ ಒಬ್ಬೊಬ್ಬರಾಗಿ ಪಟದ ಹತ್ತಿರ ಬಂದು ನೋಡಿ ಹೋದರು. ಮೈಕ್ ಮಾವ ಎಲ್ಲರಿಗಿಂತ ಕೊನೆಗೆ ಬಂದು, "ನಮ್ಮಪ್ಪನ ಕೋಟು ತೆಗೆಯೋದಕ್ಕೆ ಆಗುತ್ತಾ, ಅಜ್ಜ?" ಎಂದು ಕೇಳಿದ.

"ನೋಡೋಣ. ಕೆಳಗೆ ಅಂಗಿ ಇತ್ತೋ ಇಲ್ಲವೋ ನೆನಪಿಲ್ಲ," ಎಂದ ಅಜ್ಜ.

ಸೋಮವಾರ ಬೆಳಿಗ್ಗೆ ಅವನು ಎಂದಿನ ಹೊತ್ತಿಗೆ ಷಟರಿನ ಮುಂದೆ ನಿಂತ. ಮಗಳು ಕೆಲಸಕ್ಕೆ ಹೊರಟವಳು ಬೀದಿಯ ತಿರುವಿನಲ್ಲಿ ಒಮ್ಮೆ ತಿರುಗಿ ನೋಡಿ ನಡೆದಳು. ತಲೆ ಎತ್ತಿಯೇ ನಡೆದಳು. ಅಜ್ಜ ಬಗ್ಗಿ ಷಟರಿನ ಹಿಡಿಗೆ ಕೈ ಹಾಕಿದ. ಎರಡು ವಾರಕ್ಕೂ ಮೇಲೆ ಮಾತು ಬಿಟ್ಟಿದ್ದವನೊಡನೆ ಬಾಯಿ ತೆರೆದ.

"ದೇವರೇ, ನಿನ್ನ ಮೇಲಿನ ಸಿಟ್ಟು ನನಗಿನ್ನೂ ಇಳಿದಿಲ್ಲ. ಇಳಿಯಿತೆಂದು ನಿನ್ನ ಮುಂದೆ ಸುಳ್ಳು ಹೇಳಲಾರೆ. ಇಪ್ಪತ್ತಮೂರು ವರ್ಷ ಒಂದು ಲೆಕ್ಕವೇ ಎಂದು ಬದುಕಿರುವಷ್ಟು ದಿನ ಕೇಳುತ್ತೇನೆ. ಉತ್ತರ ಕೊಡದಿದ್ದರೂ ಕೇಳುತ್ತೇನೆ. ಆದರೆ ಹುಡುಗ ಈಗ ನಿನ್ನ ಹತ್ತಿರ ಇದ್ದಾನೆ, ಅದಕ್ಕೆ ನಿನ್ನನ್ನೇ ಬೇಡಬೇಕಾಗಿದೆ. ಅವನು ಬಹಳ ನೀರು ಹೊತ್ತಿದ್ದಾನೆ, ಅವನನ್ನು ಕೂರಗೊಡು. ಬಾಗಿಲು ತಳ್ಳಿ ಒಳಗೆ ನುಗ್ಗಿದರೆ ಗದರಬೇಡ. ನಾನು ಗದರಿದ್ದೇ ಸಾಕು. ಅವನಿಗೆ ಶಾಂತಿ ಕೊಡು. ಅವನನ್ನು ಇದ್ದ ಹಾಗೆಯೇ ಇಟ್ಟುಕೋ. ಆ ಗುರುತನ್ನು ಅಳಿಸಬೇಡ. ನಾನು ಬಂದಾಗ ಅದನ್ನು ನೋಡಿಯೇ ಅವನನ್ನು ಹುಡುಕಬೇಕು."